ಸುರಾತ್ ಥಾನಿಯಲ್ಲಿ ಅಗ್ಗದ ಹೋಟೆಲ್ ರೂಮು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಥಾಯ್ಲೆಂಡಿನ ಸುರಾತ್ ಥಾನಿಗೆ ಊರು ನೋಡಲೆಂದೇ ಬರುವವರು ಕಡಿಮೆ. ಕೋ ಸಮುಯಿ, ಕೋ ಫಂಗನ್, ಕೋ ತಾವ್ ದ್ವೀಪಗಳಿಗೆ ಹೋಗುವವರು, ಖಾವ್ ಸೋಕ್ ಕಾಡಿಗೆ ಹೊರಟವರು, ಬ್ಯಾಂಕಾಕಿನಿಂದ ರೈಲು ಹಿಡಿದು ಇಳಿದವರು ಇಲ್ಲಿ ಒಂದು ರಾತ್ರಿ ತಂಗುತ್ತಾರೆ. ಆ ಒಂದು ರಾತ್ರಿಯ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ದರಗಳೆಲ್ಲ ಅಂದಾಜು, ರಜೆ, ಹಬ್ಬದ ದಿನಗಳಲ್ಲಿ ಏರುತ್ತವೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ.

ಊರಿನ ಯಾವ ಭಾಗದಲ್ಲಿ ರೂಮು ಹಿಡಿಯಬೇಕು?

ಮರುದಿನ ನೀವು ಹತ್ತುವ ಗಾಡಿ ಎಲ್ಲಿಂದ ಹೊರಡುತ್ತದೋ ಅಲ್ಲಿ. ರೂಮು ಎಷ್ಟು ಚೆನ್ನಾಗಿದೆ ಅನ್ನುವುದು ಎರಡನೇ ಮಾತು. ಇಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇದರಲ್ಲೇ.

"ಸುರಾತ್ ಥಾನಿ" ಎಂಬ ಹೆಸರಿನ ರೈಲು ನಿಲ್ದಾಣ ಸುರಾತ್ ಥಾನಿ ಪೇಟೆಯಲ್ಲಿ ಇಲ್ಲ. ಅದು ಇರುವುದು ಫುನ್ ಫಿನ್ ಎಂಬ ಬೇರೆ ಊರಿನಲ್ಲಿ, ಪೇಟೆಯಿಂದ ಪಶ್ಚಿಮಕ್ಕೆ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದಲ್ಲಿ. ವಿಮಾನ ನಿಲ್ದಾಣವೂ ಅದೇ ದಿಕ್ಕಿನಲ್ಲಿ, ಇನ್ನೂ ಆಚೆಗೆ. ರಾತ್ರಿ ದೋಣಿಗಳು ಹೊರಡುವುದು ಪೇಟೆಯೊಳಗೆ ತಾಪಿ ನದಿಯ ದಡದ ಬಾನ್ ದೋನ್ ಧಕ್ಕೆಯಿಂದ. ಹಗಲಿನ ದೊಡ್ಡ ಫೆರಿಗಳದ್ದು ದೋನ್ ಸಕ್ ಬಂದರು. ಅದು ಪೇಟೆಯಿಂದ ಪೂರ್ವಕ್ಕೆ ಅರವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ, ಬಸ್ಸಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಕ್ರಾಬಿ, ಫುಕೆಟ್, ಖಾವ್ ಸೋಕ್ ಕಡೆಯ ಮಿನಿವ್ಯಾನ್‌ಗಳು ಸಿಗುವುದು ಪೇಟೆ ಮಧ್ಯದ ತಲಾತ್ ಕಸೇತ್ 2 ನಿಲ್ದಾಣದಲ್ಲಿ. ಫುನ್ ಫಿನ್ ಕಡೆಗೆ ಹೋಗುವ ಲೋಕಲ್ ಬಸ್ಸು ಪಕ್ಕದ ತಲಾತ್ ಕಸೇತ್ 1ರಿಂದ.

ಹಾಗಾಗಿ ಲೆಕ್ಕ ಸುಲಭ. ನಸುಕಿನ ರೈಲು ಇದ್ದರೆ ಫುನ್ ಫಿನ್‌ನಲ್ಲಿ ನಿಲ್ದಾಣದ ಎದುರು ಸಾಲಿನಲ್ಲಿರುವ ಹಳೇ ಹೋಟೆಲುಗಳು ಸಾಕು. ಅವು ನೋಡಲು ಮಂಕಾಗಿರುತ್ತವೆ, ರೈಲಿನ ಸದ್ದು ಕೇಳುತ್ತದೆ, ಆದರೆ ನಡೆದು ಹೋಗಿ ರೈಲು ಹತ್ತಬಹುದು. ವ್ಯಾನ್ ಅಥವಾ ರಾತ್ರಿ ದೋಣಿ ಇದ್ದರೆ ಬಾನ್ ದೋನ್ ಸುತ್ತಮುತ್ತ. ಅಲ್ಲಿಂದ ಧಕ್ಕೆ, ಎರಡೂ ಕಸೇತ್ ನಿಲ್ದಾಣ, ಸಂಜೆ ಸಂತೆ ಎಲ್ಲವೂ ನಡಿಗೆಯ ದೂರ. ಬೆಳಗಿನ ಫೆರಿಗೂ ಪೇಟೆಯೇ ಸರಿ, ಏಕೆಂದರೆ ಫೆರಿ ಕಂಪನಿಗಳ ಬಸ್ಸು ಪೇಟೆಯಿಂದಲೇ ಹೊರಡುತ್ತದೆ. ದೋನ್ ಸಕ್‌ನಲ್ಲಿ ಹೋಗಿ ರೂಮು ಹಿಡಿಯುವ ಅಗತ್ಯ ಕೊನೇ ಫೆರಿ ತಪ್ಪಿಸಿಕೊಂಡವರಿಗೆ ಮಾತ್ರ.

ಸುರಾತ್ ಥಾನಿಯಲ್ಲಿ ತಂಗಲೇಬೇಕಾ? ನೇರವಾಗಿ ದ್ವೀಪಕ್ಕೆ ಹೋಗಲಾಗದೇ?

ಎಷ್ಟೋ ಸಲ ಹೋಗಬಹುದು. ಬ್ಯಾಂಕಾಕಿನ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ಸಂಜೆ ಹೊರಡುವ ಸ್ಲೀಪರ್ ರೈಲು ನಸುಕಿನಲ್ಲಿ ಫುನ್ ಫಿನ್ ತಲುಪುತ್ತದೆ. (2023ರ ಜನವರಿಯಿಂದ ದಕ್ಷಿಣದ ದೂರದ ರೈಲುಗಳು ಹಳೇ ಹುವಾ ಲಂಫೋಂಗ್ ಬಿಟ್ಟು ಅಲ್ಲಿಂದಲೇ ಹೊರಡುತ್ತವೆ, ಹಳೇ ಬರಹ ಓದಿಕೊಂಡು ತಪ್ಪು ನಿಲ್ದಾಣಕ್ಕೆ ಹೋಗಬೇಡಿ.) ರೈಲು ನಿಲ್ದಾಣದ ಎದುರಿನಿಂದಲೇ ಬಸ್ಸು ಮತ್ತು ಫೆರಿ ಎರಡೂ ಸೇರಿದ ಟಿಕೆಟ್ ಸಿಗುತ್ತದೆ. ಪೇಟೆಗೆ ಕಾಲಿಡದೆ ಮಧ್ಯಾಹ್ನದೊಳಗೆ ಸಮುಯಿಯಲ್ಲಿರಬಹುದು.

ತಂಗಬೇಕಾಗುವುದು ಮುಖ್ಯವಾಗಿ ಮಧ್ಯಾಹ್ನದ ಮೇಲೆ ಬಂದಿಳಿಯುವವರು. ದೋನ್ ಸಕ್‌ನಿಂದ ಕೊನೇ ಫೆರಿ ಸಂಜೆಗೇ ಮುಗಿದುಹೋಗುತ್ತದೆ. ಅದಕ್ಕೆ ಪೇಟೆಯಿಂದ ಎರಡೂವರೆ ಗಂಟೆ ಮುಂಚೆ ಹೊರಟಿರಬೇಕು. ಸಂಜೆ ನಾಲ್ಕರ ನಂತರ ವಿಮಾನ ಇಳಿದರೆ ಆ ದಿನದ ಫೆರಿಯ ಆಸೆ ಬಿಡುವುದು ವಾಸಿ. ಆಗ ಉಳಿಯುವುದು ರಾತ್ರಿ ದೋಣಿ ಅಥವಾ ರೂಮು.

ಎಷ್ಟು ದುಡ್ಡಿಗೆ ಎಂಥ ರೂಮು?

300ರಿಂದ 400 ಬಾತ್‌ಗೆ ಫ್ಯಾನ್ ರೂಮು: ಹಳೇ ಚೀನೀ-ಥಾಯ್ ಹೋಟೆಲು, ಗಟ್ಟಿ ಹಾಸಿಗೆ, ತಣ್ಣೀರು, ಸಣ್ಣ ಕಿಟಕಿ. 450ರಿಂದ 700ರವರೆಗೆ ಎಸಿ, ಬಿಸಿನೀರು, ಟಿವಿ, ಸಣ್ಣ ಫ್ರಿಜ್, ಎರಡು ಬಾಟಲಿ ನೀರು. ಮಾರ್ಚ್‌ನಿಂದ ಮೇವರೆಗೆ ಫ್ಯಾನ್ ರೂಮಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮಂಗಳೂರಿನ ಏಪ್ರಿಲ್ ಸೆಕೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಬಾಗಿಲಲ್ಲಿ ಫ್ಯಾನ್ ರೂಮು ಕೇಳುವುದಾದರೆ "ಹೋಂಗ್ ಫತ್‌ಲೋಮ್", ಎಸಿಗೆ "ಹೋಂಗ್ ಏ".

ಆ್ಯಪ್‌ನಲ್ಲಿ ಬುಕ್ ಮಾಡಬೇಕಾ, ನೇರ ಹೋಗಿ ಕೇಳಬೇಕಾ?

ಹಗಲಿನಲ್ಲಿ ತಲುಪುವವರು ನೇರ ಹೋಗಬಹುದು. ಆ್ಯಪ್‌ಗಿಂತ ಐವತ್ತು-ನೂರು ಬಾತ್ ಕಡಿಮೆಗೆ ಸಿಗುವುದೂ ಉಂಟು, ರೂಮು ನೋಡಿ ಒಪ್ಪಿಕೊಳ್ಳಬಹುದು. ರಾತ್ರಿ ಒಂಬತ್ತರ ನಂತರ ಬರುವವರು ಬುಕ್ ಮಾಡಿಯೇ ಬನ್ನಿ. ಥಾಯ್ ಹಬ್ಬ ಸೋಂಗ್‌ಕ್ರಾನ್ ಇರುವ ಏಪ್ರಿಲ್ ಮಧ್ಯಭಾಗ, ಹೊಸವರ್ಷ, ಕೋ ಫಂಗನ್‌ನ ಹುಣ್ಣಿಮೆ ಪಾರ್ಟಿಯ ಹಿಂದುಮುಂದಿನ ದಿನಗಳಲ್ಲೂ ಅಷ್ಟೇ.

ಬುಕ್ ಮಾಡುವಾಗ ಮೂರು ಕಡೆ ಕಣ್ಣಿಡಿ. ಒಂದು, ಬರೀ "ಸೂರತ್" ಎಂದು ಹುಡುಕಿದರೆ ಗುಜರಾತಿನ ಸೂರತ್ ಮೊದಲು ಬಂದೀತು. (ಇಲ್ಲಿನ ನದಿಗೆ ತಾಪಿ ಎಂದು ಹೆಸರಿಟ್ಟದ್ದೂ ಆ ಸೂರತ್ತಿನ ತಾಪಿಯನ್ನು ನೋಡಿಯೇ, ಅದು 1915ರಲ್ಲಿ, ಆರನೇ ರಾಮ ದೊರೆಯ ಕಾಲದ್ದು.) ಎರಡು, ಇದೇ ಹೆಸರಿನ ಪ್ರಾಂತ್ಯದಲ್ಲಿ ಸಮುಯಿ, ಫಂಗನ್, ತಾವ್ ಮೂರೂ ಸೇರಿವೆ, ಅಗ್ಗವೆಂದು ಒತ್ತಿದ ರೂಮು ಸಮುದ್ರದಾಚೆ ಇರಬಹುದು. ನಕ್ಷೆ ತೆರೆದು ನೋಡಿ. ಮೂರು, ತಾರೀಖು. ರೈಲು 15ರ ನಸುಕಿನ ಮೂರಕ್ಕೆ ತಲುಪುವುದಾದರೆ ಬುಕ್ ಮಾಡಬೇಕಾದದ್ದು 14ರ ರಾತ್ರಿಗೆ, ಜೊತೆಗೆ "ನಸುಕಿಗೆ ಬರುತ್ತೇವೆ" ಎಂದು ಹೋಟೆಲಿಗೆ ಸಂದೇಶ ಕಳಿಸಬೇಕು. ಇಲ್ಲದಿದ್ದರೆ ಬರಲಿಲ್ಲವೆಂದು ರೂಮು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ಸಿಂಗಲ್ ರೂಮಿನಲ್ಲಿ ಇಬ್ಬರು ಮಲಗಬಹುದೇ?

ಹಳೇ ಹೋಟೆಲುಗಳಲ್ಲಿ ಮಲಗಬಹುದು. ಅಲ್ಲಿ "ತಿಯಂಗ್ ದಿಯಾವ್" ಎಂದರೆ ಒಂದೇ ಮಂಚ, ಅದು ಇಬ್ಬರಿಗೆ ಆಗುವಷ್ಟು ದೊಡ್ಡದು. "ತಿಯಂಗ್ ಖೂ" ಎಂದರೆ ಬೇರೆ ಬೇರೆ ಎರಡು ಮಂಚ, ಅದಕ್ಕೆ ದರ ಹೆಚ್ಚು. ಗಂಡ-ಹೆಂಡತಿ "ಡಬಲ್" ಎಂದು ಕೇಳಿ ಹೆಚ್ಚು ದುಡ್ಡು ಕೊಟ್ಟು ಎರಡು ಮಂಚ ಪಡೆಯುವುದು ಹೀಗೆ.

ಮಹಡಿ ಲೆಕ್ಕವೂ ಬೇರೆ. ಅವರ ಒಂದನೇ ಮಹಡಿ ನಮ್ಮ ನೆಲಮಹಡಿ. 305ನೇ ರೂಮು ಅಂದರೆ ಎರಡು ಮಹಡಿ ಹತ್ತಿದರಾಯಿತು. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ವಯಸ್ಸಾದವರಿದ್ದರೆ ಮೊದಲೇ "ಚಾನ್ ನುಂಗ್", ಅಂದರೆ ನೆಲಮಹಡಿ ಕೇಳಿ.

ಚೆಕ್-ಇನ್ ಹೊತ್ತಿಗೆ ಏನೇನು ಕೇಳುತ್ತಾರೆ?

ಪಾಸ್‌ಪೋರ್ಟ್, ಮತ್ತು ಕೀಲಿಗೆ ಡಿಪಾಸಿಟ್. ರೂಮಿನಲ್ಲಿ ಮಲಗುವ ಪ್ರತಿಯೊಬ್ಬರ ಪಾಸ್‌ಪೋರ್ಟ್ ನಕಲು ತೆಗೆದುಕೊಳ್ಳುತ್ತಾರೆ, ಮಕ್ಕಳದ್ದೂ. ವಿದೇಶಿಯರು ತಂಗಿದ ಸುದ್ದಿಯನ್ನು 24 ಗಂಟೆಯೊಳಗೆ ವಲಸೆ ಇಲಾಖೆಗೆ ಮುಟ್ಟಿಸುವುದು ಹೋಟೆಲಿನವರ ಕಾನೂನು ಹೊಣೆ. ಅದಕ್ಕೆ ನಕಲು ಸಾಕು, ಮೂಲ ಪಾಸ್‌ಪೋರ್ಟ್ ರಾತ್ರಿಯಿಡೀ ಕೌಂಟರಿನಲ್ಲಿ ಬಿಡಬೇಡಿ. "ಡಿಪಾಸಿಟ್ ಬದಲು ಪಾಸ್‌ಪೋರ್ಟ್ ಇಡಿ" ಎಂದರೆ ದುಡ್ಡೇ ಕೊಡಿ.

ಡಿಪಾಸಿಟ್ ಸಾಮಾನ್ಯವಾಗಿ 100ರಿಂದ 300 ಬಾತ್, ನಗದಾಗಿ. ಚೀಟಿ ಕೇಳಿ ಪಡೆಯಿರಿ. ನಸುಕಿನಲ್ಲಿ ಹೊರಡುವವರಿಗೆ ಇಲ್ಲೊಂದು ತೊಡಕು: ಐದು ಗಂಟೆಗೆ ಕೌಂಟರಿನಲ್ಲಿ ಇರುವುದು ಕಾವಲಿನವನು, ಗಲ್ಲಾದ ಕೀಲಿ ಅವನ ಬಳಿ ಇರುವುದಿಲ್ಲ. ರಾತ್ರಿಯೇ ಹೇಳಿಟ್ಟರೆ ಲಕೋಟೆಯಲ್ಲಿ ದುಡ್ಡು ತೆಗೆದಿಡುತ್ತಾರೆ. ಹೇಳದಿದ್ದರೆ ಇನ್ನೂರು ಬಾತ್ ಬಿಟ್ಟು ರೈಲಿಗೆ ಓಡಬೇಕಾಗುತ್ತದೆ.

ಬೆಳಗಿನ ಜಾವ ನಾಲ್ಕಕ್ಕೆ ಇಳಿದರೆ ರೂಮು ಕೊಡುತ್ತಾರಾ?

ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ, ಚೆಕ್-ಔಟ್ ಹನ್ನೆರಡಕ್ಕೆ. ನಾಲ್ಕಕ್ಕೆ ಬಂದು ಮಲಗಿದರೆ ಕೆಲವರು ಹಿಂದಿನ ರಾತ್ರಿಯ ಪೂರ್ತಿ ಬಾಡಿಗೆ ಹಾಕುತ್ತಾರೆ, ಕೆಲವರು ಅರ್ಧ. ಮಲಗುವ ಮೊದಲೇ "ಯಾವ ದಿನದ ಹನ್ನೆರಡು ಗಂಟೆಯವರೆಗೆ?" ಎಂದು ಕ್ಯಾಲೆಂಡರ್ ತೋರಿಸಿ ಕೇಳಿಕೊಳ್ಳಿ.

ಎರಡು-ಮೂರು ಗಂಟೆ ನಿದ್ದೆ, ಒಂದು ಸ್ನಾನ ಇಷ್ಟೇ ಬೇಕಿದ್ದರೆ "ಚುವಾ ಖ್ರಾವ್" ಎಂದು ಕೇಳಬಹುದು, ಅಂದರೆ ಗಂಟೆಗಳ ಲೆಕ್ಕದ ಬಾಡಿಗೆ. ಹೆದ್ದಾರಿ ಪಕ್ಕ, ಕಾರು ನಿಲ್ಲಿಸುವ ಜಾಗಕ್ಕೆ ಉದ್ದನೆಯ ಪರದೆ ಕಟ್ಟಿರುವ ಮೋಟೆಲುಗಳು ಈ ಲೆಕ್ಕದಲ್ಲೇ ನಡೆಯುತ್ತವೆ. ಪರದೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹಾಸಿಗೆ ಸ್ವಚ್ಛವಾಗಿರುತ್ತದೆ, ಮನೆಮಂದಿಯನ್ನು ಕರೆದುಕೊಂಡು ಹೋಗುವಂಥ ಜಾಗವಲ್ಲ ಅಷ್ಟೆ.

ಬಿಸಿನೀರು ಇದೆ ಅಂದಿದ್ದರು, ತಣ್ಣೀರೇ ಬರುತ್ತಿದೆ. ಏನು ಮಾಡಲಿ?

ಹತ್ತರಲ್ಲಿ ಎಂಟು ಸಲ ಹೀಟರ್ ಕೆಟ್ಟಿರುವುದಿಲ್ಲ. ನಮ್ಮ ಮನೆಗಳ ಗೀಸರಿನಂತೆ ನೀರು ತುಂಬಿಟ್ಟು ಕಾಯಿಸುವ ಯಂತ್ರ ಅಲ್ಲ ಅದು. ಶವರಿನ ಪಕ್ಕ ಗೋಡೆಗೆ ಹಾಕಿರುವ ಪುಟ್ಟ ಡಬ್ಬಿ, ಹರಿಯುವ ನೀರನ್ನು ಹರಿಯುತ್ತಿರುವಂತೆಯೇ ಕಾಯಿಸುತ್ತದೆ. ಅದಕ್ಕಾಗಿ ಹತ್ತು ನಿಮಿಷ ಮೊದಲೇ ಸ್ವಿಚ್ ಹಾಕಿ ಕಾಯುವುದರಿಂದ ಏನೂ ಆಗದು.

ಮೊದಲು ಬ್ರೇಕರ್ ನೋಡಿ. ಬಚ್ಚಲ ಬಾಗಿಲ ಹೊರಗೆ ಮೇಲುಗಡೆ, ಕೆಲವು ಕಡೆ ಬಟ್ಟೆ ಬೀರುವಿನ ಹಿಂದೆ ಇರುತ್ತದೆ. ರೂಮು ಗುಡಿಸುವವರು ಆರಿಸಿ ಹೋಗಿರುತ್ತಾರೆ. ಅದನ್ನು ಮೇಲಕ್ಕೆತ್ತಿ. ನಂತರ ಡಬ್ಬಿಯ ಮೇಲಿನ ಗುಂಡಿಯನ್ನು ನಡುಮಟ್ಟಕ್ಕೆ ತಿರುಗಿಸಿ, ನಲ್ಲಿ ಪೂರ್ತಿ ಬಿಡಿ. ದೀಪ ಹೊತ್ತಿಕೊಂಡರೆ ಕಾಯಿಲು ಕೆಲಸ ಮಾಡುತ್ತಿದೆ ಎಂದರ್ಥ. ಹೊತ್ತದಿದ್ದರೆ ನೀರಿನ ಒತ್ತಡ ಸಾಲದು: ನೀರು ಒಂದು ಮಟ್ಟಕ್ಕಿಂತ ಕಡಿಮೆ ಹರಿದರೆ ಒಳಗಿನ ಸ್ವಿಚ್ ಆನ್ ಆಗದಂತೆ ಮಾಡಿರುತ್ತಾರೆ, ಕಾಯಿಲು ಸುಡಬಾರದೆಂದು. ಶವರಿನ ತಲೆ ಸುಣ್ಣಗಟ್ಟಿದ್ದರೂ ಹೀಗಾಗುತ್ತದೆ. ತಲೆ ಬಿಚ್ಚಿ ಬರೀ ಪೈಪಿನಲ್ಲಿ ಬಿಟ್ಟು ನೋಡಿ. ದೀಪ ಹೊತ್ತಿದ ಮೇಲೆ ಉಗುರುಬೆಚ್ಚಗೇ ಬರುತ್ತಿದ್ದರೆ ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬನ್ನಿ, ಹರಿವು ಇಳಿದಷ್ಟೂ ಬಿಸಿ ಏರುತ್ತದೆ. ಒಂದು ಹಂತ ದಾಟಿದರೆ ಮತ್ತೆ ಆರುತ್ತದೆ. ಅದರ ಸ್ವಲ್ಪ ಮೇಲೆ ನಿಲ್ಲಿಸಿ.

ಡಬ್ಬಿ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ಬ್ರೇಕರ್ ಇಳಿಸಿ ರೂಮು ಬದಲಿಸಿ. ಇದರಲ್ಲಿ ರಾಜಿ ಬೇಡ.

ಬಚ್ಚಲು ಹೇಗಿರುತ್ತದೆ?

ಜೆಟ್ ಸ್ಪ್ರೇ ಎಲ್ಲ ಕಡೆ ಇರುತ್ತದೆ, ಚಿಂತೆ ಇಲ್ಲ. ಬಕೆಟ್, ಚೊಂಬು ಇರಲೇಬೇಕೆಂದಿಲ್ಲ. ಶವರಿಗೂ ಕಮೋಡಿಗೂ ನಡುವೆ ಪರದೆ ಇಲ್ಲದ್ದರಿಂದ ಸ್ನಾನವಾದ ಮೇಲೆ ನೆಲವೆಲ್ಲ ಒದ್ದೆ. ಚಪ್ಪಲಿ ಕೊಟ್ಟಿದ್ದರೆ ಅದು ಬಚ್ಚಲಿಗೇ. ಪೇಪರನ್ನು ಕಮೋಡಿಗೆ ಹಾಕಬೇಡಿ, ಪಕ್ಕದ ಬುಟ್ಟಿಗೆ ಹಾಕಿ. ಕೊಳವೆ ಸಣ್ಣವು, ಕಟ್ಟಿಕೊಂಡರೆ ದಂಡ ನಿಮ್ಮ ತಲೆಗೆ.

ನಮ್ಮ ಪ್ಲಗ್ ಕೂರುತ್ತದೆಯೇ? ಚಾರ್ಜ್ ಯಾಕೆ ನಿಂತುಹೋಗುತ್ತದೆ?

ವೋಲ್ಟೇಜ್ ನಮ್ಮಲ್ಲಿಯಂತೆಯೇ, 220-230 ವೋಲ್ಟ್, 50 ಹರ್ಟ್ಸ್. ಎರಡು ದುಂಡು ಕಡ್ಡಿಯ ಮೊಬೈಲ್ ಚಾರ್ಜರ್ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ದುಂಡು ಕಡ್ಡಿಯ ಪ್ಲಗ್ ಕೂರುವುದಿಲ್ಲ, ಅಡಾಪ್ಟರ್ ಊರಿಂದಲೇ ತನ್ನಿ. ಚಾರ್ಜ್ ನಿಲ್ಲುವುದಕ್ಕೆ ಕಾರಣ ಬಾಗಿಲ ಬಳಿಯ ಗೂಡು: ಕೀಲಿಯ ಬಿಲ್ಲೆ ಅದರಲ್ಲಿದ್ದರೆ ಮಾತ್ರ ಕರೆಂಟು. ಊಟಕ್ಕೆ ಹೊರಟಾಗ ಬಿಲ್ಲೆ ತೆಗೆದರೆ ಎಲ್ಲವೂ ಆಫ್. ಫ್ರಿಜ್ಜಿನ ಪ್ಲಗ್ ಬೇರೆ ಲೈನಿನಲ್ಲಿ ಇರುವುದುಂಟು, ಅಲ್ಲಿ ಚಾರ್ಜಿಗೆ ಹಾಕಿ ನೋಡಿ.

ದುಡ್ಡು ಕೊಡುವ ಮೊದಲು ರೂಮಿನಲ್ಲಿ ಏನು ನೋಡಬೇಕು?

ಎಸಿ ಹಾಕಿ ಐದು ನಿಮಿಷ ನಿಲ್ಲಿ. ತಣ್ಣಗಾಗುತ್ತದಾ, ಮುಗ್ಗುಲು ವಾಸನೆ ಬರುತ್ತದಾ, ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತದಾ ಗೊತ್ತಾಗುತ್ತದೆ. ಹಾಸಿಗೆಯ ಮೂಲೆಯಲ್ಲಿ ಹೊದಿಕೆ ಎತ್ತಿ ಹೊಲಿಗೆಯುದ್ದಕ್ಕೂ ಮೊಬೈಲ್ ಟಾರ್ಚ್ ಬಿಡಿ. ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ ತಿಗಣೆ, ಬೇರೆ ರೂಮಲ್ಲ, ಬೇರೆ ಹೋಟೆಲೇ ನೋಡಿ. ಕಿಟಕಿಯ ಸೊಳ್ಳೆಜಾಲರಿ ಹರಿದಿದೆಯೇ ಎಂದು ಕೈಯಾಡಿಸಿ, ಇದು ಡೆಂಗಿ ಇರುವ ಸೀಮೆ. ಬಾಗಿಲಿಗೆ ಒಳಚಿಲಕ ಬೇಕು. ರಸ್ತೆ ಬದಿಯ ರೂಮು ಬೇಡ, ಹಿಂಭಾಗದ್ದು ಕೇಳಿ. ಪಕ್ಕದಲ್ಲಿ ಕ್ಯಾರಿಯೋಕೆ ಇದ್ದರೆ ಹಿಂಭಾಗವೂ ಅಷ್ಟಕ್ಕಷ್ಟೆ. ಗೋಡೆಯ ಮೇಲಿನ ಹಲ್ಲಿ ದೂರು ಕೊಡುವ ವಿಷಯವಲ್ಲ.

ಸಸ್ಯಾಹಾರಿಗಳಿಗೆ ಊಟ?

ಸ್ವಲ್ಪ ಕಷ್ಟ, ಆದರೆ ಉಪವಾಸ ಬೀಳಬೇಕಿಲ್ಲ. ದಕ್ಷಿಣದ ಸಾರುಗಳಲ್ಲಿ ಸಿಗಡಿ ಪೇಸ್ಟು, ಉಳಿದೆಲ್ಲದರಲ್ಲಿ ಮೀನಿನ ಸಾಸ್. "ಮಾಂಸ ಬೇಡ" ಎಂದರೆ ಇವೆರಡನ್ನು ಬಿಡುತ್ತಾರೆಂದು ಭಾವಿಸಬೇಡಿ. ಹೇಳಬೇಕಾದ್ದು "ಕಿನ್ ಜೇ". ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಎಂದರೆ ಜೇ ಊಟ: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಮಡಿಯವರಿಗೂ ನಡೆಯುತ್ತದೆ. ಇವು ಬೆಳಗ್ಗೆ ಬೇಗ ತೆರೆದು ಮಧ್ಯಾಹ್ನ ಎರಡರೊಳಗೆ ಅನ್ನ ಮುಗಿಸಿ ಮುಚ್ಚುತ್ತವೆ, ರಾತ್ರಿ ಊಟಕ್ಕೆ ನಂಬಬೇಡಿ. ಮೊಟ್ಟೆ ತಿನ್ನುವವರಿಗೆ "ಮಂಗ್ಸವಿರತ್" ಸಾಕು, ಜೊತೆಗೆ "ಮೈ ಸೈ ನಾಮ್ ಪ್ಲಾ", ಮೀನಿನ ಸಾಸ್ ಹಾಕಬೇಡಿ.

ಸಂಜೆ ಪೇಟೆಯ ಸಾನ್ ಚಾವ್ ಸಂತೆಯಲ್ಲಿ ಹಣ್ಣು, ಸುಟ್ಟ ಬಾಳೆ, ತೆಂಗಿನ ಹಾಲಿನ ಸಿಹಿ, ಮಾವು-ಅಂಟಕ್ಕಿ ಅನ್ನ ಸಿಗುತ್ತದೆ. ಆಗಸ್ಟ್ ಆಸುಪಾಸಿನಲ್ಲಿ ಬಂದರೆ ರಂಬುಟಾನ್ ಬಿಡಬೇಡಿ, ಈ ಪ್ರಾಂತ್ಯದ ನಾ ಸಾನ್ ಅದಕ್ಕೇ ಹೆಸರಾದ ಸೀಮೆ. ಮತ್ತೇನೂ ಇಲ್ಲದ ಹೊತ್ತಿಗೆ ಸೆವೆನ್-ಇಲೆವೆನ್ ಇದ್ದೇ ಇದೆ: ಬಾಳೆಹಣ್ಣು, ಮೊಸರು, ಬ್ರೆಡ್ಡು, ಸೋಯಾ ಹಾಲು.

ಕಪ್ಪಿನ ಉಪ್ಪಿಟ್ಟು, ಅವಲಕ್ಕಿ ತಂದಿದ್ದರೆ ಬಿಸಿನೀರು ಸೆವೆನ್-ಇಲೆವೆನ್‌ನಲ್ಲಿ ನೂಡಲ್ಸ್ ಯಂತ್ರದ ಬಳಿ ಸಿಗುತ್ತದೆ, ಏನಾದರೂ ಒಂದು ಕೊಂಡು ಕೇಳಿ. ರೂಮಿನಲ್ಲಿ ಇಂಡಕ್ಷನ್ ಒಲೆ, ಕಾಯಿಲು ಹಚ್ಚಬೇಡಿ. ಹಳೇ ವೈರಿಂಗು, ಇಡೀ ಮಹಡಿಯ ಕರೆಂಟು ಹೋಗುತ್ತದೆ.

ನಲ್ಲಿ ನೀರು ಕುಡಿಯಬಹುದಾ?

ಬೇಡ. ಬೀದಿ ಬದಿಯ ನೀರಿನ ಯಂತ್ರದಲ್ಲಿ ಒಂದು ಬಾತ್ ನಾಣ್ಯಕ್ಕೆ ಸುಮಾರು ಒಂದು ಲೀಟರ್ ಸಿಗುತ್ತದೆ, ಬಾಟಲಿ ನಿಮ್ಮದು.

ಚೆಕ್-ಔಟ್ ಹನ್ನೆರಡಕ್ಕೆ, ರಾತ್ರಿ ದೋಣಿ ಹನ್ನೊಂದಕ್ಕೆ. ನಡುವೆ ಎಲ್ಲಿರುವುದು?

ಚೀಲಗಳನ್ನು ಹೋಟೆಲಿನಲ್ಲೇ ಬಿಡಬಹುದು, ದುಡ್ಡು ಕೇಳುವುದು ಅಪರೂಪ. ಚೀಲಕ್ಕೆ ಹೆಸರು ಕಟ್ಟಿ, ಕೌಂಟರ್ ಎಷ್ಟು ಗಂಟೆಗೆ ಮುಚ್ಚುತ್ತದೆಂದು ಕೇಳಿ. ಹತ್ತಕ್ಕೆ ಶಟರ್ ಎಳೆಯುವ ಕಡೆ ಹತ್ತೂಕಾಲಿಗೆ ಹೋದರೆ ದೋಣಿ ತಪ್ಪಿತು ಅಂತಲೇ. ಸಂಜೆ ಆರರವರೆಗೆ ರೂಮು ಬೇಕಾದರೆ ಅರ್ಧ ಬಾಡಿಗೆ ಕೇಳುತ್ತಾರೆ. ಮಕ್ಕಳಿದ್ದರೆ ಕೊಟ್ಟರೂ ನಷ್ಟವಿಲ್ಲ.

ರಾತ್ರಿ ದೋಣಿ ಸರಕು ಸಾಗಿಸುವ ದೋಣಿ, ಮೇಲಿನ ಅಂತಸ್ತಿನಲ್ಲಿ ಜನ. ನೆಲದ ಮೇಲೆ ಸಾಲಾಗಿ ಕಿರಿದಾದ ಹಾಸಿಗೆ, ನಂಬರು ಬರೆದಿರುತ್ತದೆ. ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ. ಟಿಕೆಟ್ ಹಗಲಲ್ಲೇ ಧಕ್ಕೆಗೆ ಹೋಗಿ ಕೊಂಡು, ಕಿಟಕಿ ಬದಿ ಅಥವಾ ಗೋಡೆ ಬದಿ ಕೇಳಿ. ಬೇರೆ ಬೇರೆ ದ್ವೀಪದ ದೋಣಿಗಳು ಒಂದೇ ದಡದಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಂತಿರುತ್ತವೆ. ಹತ್ತುವಾಗ ದ್ವೀಪದ ಹೆಸರು ಹೇಳಿ ಖಚಿತ ಮಾಡಿಕೊಳ್ಳಿ. ಸಮುಯಿ ತಲುಪುವುದು ಬೆಳಗಿನ ಜಾವ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ, ಆಗ ಮತ್ತೆ ರೂಮೇ ಗತಿ. ಅದಕ್ಕೇ ಹೋಟೆಲಿನ ಫೋನ್ ನಂಬರು ಇಟ್ಟುಕೊಂಡಿರಿ.

ದೋಣಿ ನಿಲ್ಲುವ ಈ ತೊಂದರೆ ಯಾವ ತಿಂಗಳಲ್ಲಿ ಹೆಚ್ಚು?

ಅಕ್ಟೋಬರ್‌ನಿಂದ ಡಿಸೆಂಬರ್, ಅದರಲ್ಲೂ ನವೆಂಬರ್. ಥಾಯ್ ಕೊಲ್ಲಿಯ ಕಡೆ ಭಾರೀ ಮಳೆ ಬೀಳುವುದು ಆಗ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್-ಆಗಸ್ಟ್‌ನಲ್ಲಿ ಫುಕೆಟ್, ಕ್ರಾಬಿ ನೆನೆಯುತ್ತವೆ, ಸಮುಯಿ ಕಡೆ ಸಮುದ್ರ ಹೆಚ್ಚಾಗಿ ಶಾಂತ. ದಸರಾ, ದೀಪಾವಳಿ ರಜೆಯಲ್ಲಿ ಬರುವವರು ದ್ವೀಪದಿಂದ ಹಿಂತಿರುಗುವ ದಿನಕ್ಕೂ ಬ್ಯಾಂಕಾಕಿನ ವಿಮಾನಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ.

"ಬಸ್ಸಿಲ್ಲ, ಕೊನೇ ದೋಣಿ ಹೋಯಿತು" ಅನ್ನುವವರನ್ನು ನಂಬಬಹುದೇ?

ನಿಲ್ದಾಣದಲ್ಲಿ ತಾವಾಗಿಯೇ ಬಂದು ಹೀಗೆ ಹೇಳುವವರು ದಲ್ಲಾಳಿಗಳು. ತಮ್ಮ ಆಫೀಸಿಗೆ ಕರೆದೊಯ್ದು ದುಬಾರಿ ವ್ಯಾನ್ ಟಿಕೆಟ್ಟೋ ಕಮಿಷನ್ ಸಿಗುವ ರೂಮೋ ಮಾರುವುದು ಉದ್ದೇಶ. ಫೆರಿ ಕಂಪನಿಯ ಸ್ವಂತ ಕೌಂಟರಿನಲ್ಲಿ ಕೇಳಿ. ಫುನ್ ಫಿನ್-ಪೇಟೆ ನಡುವಿನ ಲೋಕಲ್ ಬಸ್ಸಿಗೆ ಇಪ್ಪತ್ತು ಬಾತ್ ಆಸುಪಾಸು, ಅದು ಕತ್ತಲಾದ ಮೇಲೆ ಮಾತ್ರ ನಿಜವಾಗಿಯೂ ಇರುವುದಿಲ್ಲ. ಟಿಕೆಟ್ ಕೊಂಡವರ ಅಂಗಿಗೆ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ. ಕೀಳಬೇಡಿ, ಡ್ರೈವರ್ ಗುರುತು ಹಿಡಿಯುವುದು ಅದರಿಂದಲೇ.

ಯಾವುದಕ್ಕೆಲ್ಲ ದಂಡ?

ರೂಮಿನಲ್ಲಿ ಸೇದಿದರೆ ಸಾಮಾನ್ಯವಾಗಿ 2,000 ಬಾತ್. ಡುರಿಯನ್ ತಂದರೂ ದಂಡ, ಆ ವಾಸನೆ ಎಸಿಯೊಳಗೆ ಸೇರಿ ದಿನಗಟ್ಟಲೆ ಬಿಡುವುದಿಲ್ಲ. ಮ್ಯಾಂಗೊಸ್ಟೀನ್‌ಗೂ ಬಹಳ ಕಡೆ ನಿಷೇಧ: ಅದರ ಸಿಪ್ಪೆಯ ಕೆನ್ನೀಲಿ ರಸ ಬಿಳಿ ಹಾಸಿಗೆಯಿಂದ ಹೋಗದು. ಇ-ಸಿಗರೇಟು ದೇಶದಲ್ಲೇ ಕಾನೂನುಬಾಹಿರ, ಅದನ್ನು ಹೋಟೆಲಿನ ನಿಯಮವೆಂದು ಹಗುರವಾಗಿ ತೆಗೆದುಕೊಳ್ಳಬೇಡಿ.

ಯುಪಿಐ, ಕಾರ್ಡು ನಡೆಯುತ್ತದೆಯೇ?

ಕೌಂಟರಿನ ಮೇಲಿನ ಕ್ಯೂಆರ್ ಕೋಡ್ ಥಾಯ್ ಬ್ಯಾಂಕ್ ಖಾತೆಯವರಿಗೆಂದು ಇಟ್ಟದ್ದು. ಅದನ್ನು ನೆಚ್ಚಿಕೊಂಡು ಬರಬೇಡಿ. ಸಣ್ಣ ಹೋಟೆಲು ಕಾರ್ಡ್ ತೆಗೆದುಕೊಂಡರೂ ಶೇಕಡಾ ಮೂರರಷ್ಟು ಮೇಲೆ ಹಾಕುತ್ತದೆ. ಒಂದು ರಾತ್ರಿಗೆ ರೂಮು, ಡಿಪಾಸಿಟ್, ಊಟ, ಬಸ್ಸು ಸೇರಿ ತಲೆಗೆ 1,500 ಬಾತ್ ನಗದು ಕೈಯಲ್ಲಿರಲಿ. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಹೆಚ್ಚು ಕಡಿತ, ಹಾಗಾಗಿ ಪದೇ ಪದೇ ತೆಗೆಯಬೇಡಿ. ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ.

ಬಟ್ಟೆ ಒಗೆಯಲು?

24 ಗಂಟೆ ತೆರೆದಿರುವ ನಾಣ್ಯದ ಲಾಂಡ್ರಿಗಳಿವೆ. ಒಗೆಯಲು 40-60 ಬಾತ್, ಒಣಗಿಸಲು ಅಷ್ಟೇ, ಒಟ್ಟು ಒಂದೂವರೆ ಗಂಟೆ. ಹತ್ತು ಬಾತ್ ನಾಣ್ಯ ಕೂಡಿಡಿ.

ಒಂಟಿ ಹೆಣ್ಣುಮಕ್ಕಳಿಗೆ ಸುರಕ್ಷಿತವೇ? ತುರ್ತಿಗೆ ಯಾರು?

ಬಾನ್ ದೋನ್ ಪೇಟೆ ರಾತ್ರಿ ಹತ್ತರವರೆಗೂ ಜನ ಓಡಾಡುವ ಜಾಗ. ನಂತರ ಬೀದಿಗಳು ಬೇಗ ಖಾಲಿಯಾಗುತ್ತವೆ, ಬೀದಿನಾಯಿಗಳು ಹೆಚ್ಚು. ನಡುರಾತ್ರಿಯ ರೈಲಿಗೆ ಇಳಿಯುವವರು ಫುನ್ ಫಿನ್‌ನಲ್ಲೇ ಎದುರುಗಡೆ ರೂಮು ಹಿಡಿದು ಬೆಳಗ್ಗೆ ಪೇಟೆಗೆ ಹೋಗುವುದು ಒಳ್ಳೆಯದು. ಆ ಹೊತ್ತಿನಲ್ಲಿ ಆ್ಯಪ್ ಕಾರು ಸಿಗುತ್ತದೆಂದು ನಂಬಿ ಕೂರಬೇಡಿ. ಪ್ರವಾಸಿ ಪೊಲೀಸ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಸಾಮಾನ್ಯ ಪೊಲೀಸ್ 191, ಆಂಬುಲೆನ್ಸ್ 1669. ಹೋಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿರುವ ಕಾರ್ಡನ್ನು ಚೆಕ್-ಇನ್ ಹೊತ್ತಿಗೇ ಕೇಳಿ ಫೋಟೋ ತೆಗೆದಿಡಿ, ಡ್ರೈವರಿಗೆ ತೋರಿಸಲು ಬೇಕಾಗುತ್ತದೆ.

ನಸುಕಿನ ರೈಲಿಗೆ ಎಬ್ಬಿಸುತ್ತಾರಾ?

ಅಗ್ಗದ ಹೋಟೆಲಿನಲ್ಲಿ ಎಬ್ಬಿಸುವವರಿಲ್ಲ, ಅಲಾರಾಂ ನೀವೇ ಇಡಬೇಕು. ಥಾಯ್ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಮೊಬೈಲಿನಲ್ಲಿ ಸಮಯ ತಾನಾಗಿ ಬದಲಾಗುವ ಸೆಟ್ಟಿಂಗ್ ಆಫ್ ಆಗಿದ್ದರೆ, ಅಥವಾ ಕೈಗಡಿಯಾರ ನೆಚ್ಚಿಕೊಂಡಿದ್ದರೆ, ಮಲಗುವ ಮೊದಲು ಕೌಂಟರಿನ ಗೋಡೆ ಗಡಿಯಾರದೊಂದಿಗೆ ಹೊಂದಿಸಿ ನೋಡಿ. ಪೇಟೆಯಿಂದ ಫುನ್ ಫಿನ್‌ಗೆ ಹೋಗುವುದಾದರೆ ಕಾರನ್ನು ರಾತ್ರಿಯೇ ಹೋಟೆಲಿನವರ ಮೂಲಕ ಗೊತ್ತುಮಾಡಿ, ರೈಲಿಗೆ ಒಂದು ಗಂಟೆ ಮೊದಲು ಹೊರಡಿ.